ಕಪಾಟಿನಿಂದ ಹೊರಟು ಕಪಾಟಿಗೆ: ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಹಳೆ ಪುಸ್ತಕ ಹುಡುಕುವ ಕಾರು ಪ್ರವಾಸ

ಟೇಪು ಹಿಡಿದು ಮನೆಯ ಕಪಾಟಿನ ಮುಂದೆ ನಿಲ್ಲಿ. ಖಾಲಿ ಉಳಿದ ಜಾಗ ಒಟ್ಟು ಎಷ್ಟು ಅಡಿ ಎಂದು ಅಳೆದು ಚೀಟಿಯಲ್ಲಿ ಬರೆದುಕೊಳ್ಳಿ. ಪುಸ್ತಕ ಹುಡುಕಿಕೊಂಡು ಹೊರಡುವ ಪ್ರವಾಸ ಇಲ್ಲಿಂದಲೇ ಶುರುವಾಗಬೇಕು. ನಕ್ಷೆ ಆಮೇಲೆ.

ಗಟ್ಟಿ ರಟ್ಟಿನ ಪುಸ್ತಕ ಸರಾಸರಿ ಒಂದರಿಂದ ಒಂದೂಕಾಲು ಇಂಚು ದಪ್ಪ ಇರುತ್ತದೆ. ಒಂದು ಅಡಿ ಜಾಗಕ್ಕೆ ಹತ್ತು ಪುಸ್ತಕ ಎಂದಿಟ್ಟುಕೊಂಡರೆ ಲೆಕ್ಕ ತಪ್ಪುವುದಿಲ್ಲ. ಆರು ಅಡಿ ಖಾಲಿ ಇದ್ದರೆ 60 ಪುಸ್ತಕ. ಒಂದೊಂದು ಒಂದೂಕಾಲರಿಂದ ಒಂದೂವರೆ ಪೌಂಡ್ ತೂಗುವುದರಿಂದ ಒಟ್ಟು ತೂಕ 75ರಿಂದ 90 ಪೌಂಡ್, ಅಂದರೆ ಮನೆ ಬದಲಾಯಿಸುವಾಗ ಬಳಸುವ ಒಂದೂವರೆ ಘನ ಅಡಿಯ ಸಣ್ಣ ಪೆಟ್ಟಿಗೆಗಳು ಎರಡು. ಈ ಸಂಖ್ಯೆ ಮೊದಲೇ ಗೊತ್ತಿದ್ದರೆ ಕಾರಿನ ಡಿಕ್ಕಿ, ಖರ್ಚಿನ ಮಿತಿ, ಮನೆಗೆ ಬಂದಮೇಲಿನ ಕೆಲಸ ಎಲ್ಲಕ್ಕೂ ಒಂದು ಹದ ಸಿಗುತ್ತದೆ. ಗೊತ್ತಿಲ್ಲದೆ ಹೊರಟವರ ಪುಸ್ತಕಗಳು ತಿಂಗಳುಗಟ್ಟಲೆ ಊಟದ ಮೇಜಿನ ಕೆಳಗೆ ಪೆಟ್ಟಿಗೆಯಲ್ಲೇ ಕೂರುತ್ತವೆ. ಬೂಷ್ಟು ಹಿಡಿಯುವುದು ಅಲ್ಲೇ.

ಬೂಷ್ಟಿನ ಮಾತು ಇಷ್ಟು ಬೇಗ ಬಂದದ್ದಕ್ಕೆ ಕಾರಣವಿದೆ. ಜಾರ್ಜಿಯಾ, ಅಲಬಾಮಾ, ಮಿಸಿಸಿಪ್ಪಿ, ಲೂಸಿಯಾನಾ ಎಲ್ಲವೂ ಸೆಖೆಯ, ತೇವದ ಸೀಮೆ. ಅಲ್ಲಿಯ ಹಳೆ ಮನೆಗಳ ಅಟ್ಟದಲ್ಲಿ, ಗ್ಯಾರೇಜಿನಲ್ಲಿ ಹತ್ತಾರು ಬೇಸಿಗೆ ಕಳೆದ ಪುಸ್ತಕಗಳೇ ಅಂಗಡಿಗಳಿಗೆ ಬರುವುದು. ಒಳ್ಳೆಯ ಪುಸ್ತಕಗಳು ದಂಡಿಯಾಗಿವೆ, ಬೆಲೆಯೂ ದೊಡ್ಡ ನಗರಗಳಿಗಿಂತ ಎಷ್ಟೋ ಹಗುರ. ಆದರೆ ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು ಪರೀಕ್ಷಿಸದೆ ಮನೆಯೊಳಗೆ ತರಬಾರದು. ಒಂದು ಕೆಟ್ಟ ಪುಸ್ತಕ ಇಡೀ ಸಾಲನ್ನು ಕೆಡಿಸುತ್ತದೆ.

ಯಾವಾಗ, ಯಾವ ದಾರಿ

ಅಕ್ಟೋಬರ್ ಕೊನೆಯಿಂದ ನವೆಂಬರ್, ಇಲ್ಲವೇ ಮಾರ್ಚ್‌ನಿಂದ ಏಪ್ರಿಲ್ ಮಧ್ಯದವರೆಗೆ ಹೋಗುವುದು ಒಳ್ಳೆಯದು. ಜುಲೈ, ಆಗಸ್ಟ್ ಬೇಡವೇ ಬೇಡ. 95 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಲ್ಲಿ ನಿಂತ ಕಾರಿನ ಒಳಗೆ ಮೊದಲ ಹತ್ತು ನಿಮಿಷದಲ್ಲೇ ಸುಮಾರು 20 ಡಿಗ್ರಿ ಏರುತ್ತದೆ, ಆಮೇಲೆ ಇನ್ನೂ ಏರುತ್ತಲೇ ಹೋಗುತ್ತದೆ. ಪೇಪರ್‌ಬ್ಯಾಕ್‌ಗಳ ಬೆನ್ನಿಗೆ ಹಾಕಿರುವುದು ಬಿಸಿಗೆ ಕರಗುವ ಅಂಟು. ಆ ಶಾಖಕ್ಕೆ ಅದು ಮೆತ್ತಗಾಗಿ, ಪುಟಗಳು ಸರಿದು, ತಣಿದಾಗ ಸೊಟ್ಟಗೆ ಗಟ್ಟಿಯಾಗುತ್ತದೆ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಹಾಗಾಗಿ ಶರತ್ಕಾಲದಲ್ಲಿ ಹೋಗುವುದಾದರೆ ಕರಾವಳಿಯ ಭಾಗವನ್ನು ಪ್ರವಾಸದ ಕೊನೆಗೆ ಇಟ್ಟುಕೊಳ್ಳಿ, ಹವಾಮಾನ ಕೆಟ್ಟರೆ ಅಷ್ಟನ್ನೇ ಕೈಬಿಟ್ಟು ತಿರುಗಬಹುದು.

ಹೊಸಬರು ಮರೆಯುವುದು ಕಾಲೇಜು ಫುಟ್‌ಬಾಲ್. ಮಿಸಿಸಿಪ್ಪಿಯ ಆಕ್ಸ್‌ಫರ್ಡ್, ಅಲಬಾಮಾದ ಟಸ್ಕಲೂಸಾ, ಆಬರ್ನ್, ಜಾರ್ಜಿಯಾದ ಅಥೆನ್ಸ್‌ನಂಥ ವಿಶ್ವವಿದ್ಯಾಲಯದ ಊರುಗಳಲ್ಲಿ ತವರು ಪಂದ್ಯವಿರುವ ಶನಿವಾರ ರೂಮು ಸಿಗುವುದಿಲ್ಲ, ಸಿಕ್ಕರೆ ಬಾಡಿಗೆ ಕೆಲವು ಪಟ್ಟು. ಪಾರ್ಕಿಂಗ್ ಮಾತೇ ಎತ್ತಬೇಡಿ. ತಾರೀಖು ಗೊತ್ತುಮಾಡುವ ಮೊದಲು ಪಂದ್ಯಗಳ ಪಟ್ಟಿ ನೋಡಿ. ನ್ಯೂ ಆರ್ಲಿಯನ್ಸ್‌ಗೆ ಮಾರ್ಡಿ ಗ್ರಾ ಹಬ್ಬದ ವಾರದಲ್ಲಿ ಹೋಗುವುದಕ್ಕೂ ಇದೇ ಮಾತು.

ಅಟ್ಲಾಂಟಾದಿಂದ ಹೊರಟು ಅಲ್ಲಿಗೇ ಮರಳುವ ಒಂದು ಸುತ್ತು ಹೀಗಿದೆ. ಐ-75ರಲ್ಲಿ (ಐ ಎಂದರೆ ಅಂತರರಾಜ್ಯ ಹೆದ್ದಾರಿ) ಚಾಟನೂಗಾ ಸುಮಾರು 120 ಮೈಲಿ. ಅಲ್ಲಿಂದ ಐ-24 ಹಿಡಿದರೆ ನ್ಯಾಶ್‌ವಿಲ್ 135. ಐ-40ರಲ್ಲಿ ಮೆಂಫಿಸ್ 210. ಐ-55ರಲ್ಲಿ ಬೇಟ್ಸ್‌ವಿಲ್‌ವರೆಗೆ ಇಳಿದು ಹೆದ್ದಾರಿ 6ರಲ್ಲಿ ಪೂರ್ವಕ್ಕೆ ತಿರುಗಿದರೆ ಆಕ್ಸ್‌ಫರ್ಡ್ 85. ಮತ್ತೆ ಐ-55ಕ್ಕೆ ಬಂದು ಜಾಕ್ಸನ್ 165, ಹಾಗೇ ದಕ್ಷಿಣಕ್ಕೆ ನ್ಯೂ ಆರ್ಲಿಯನ್ಸ್ 190. ಐ-10ರಲ್ಲಿ ಮೊಬೀಲ್ 145, ಐ-65ರಲ್ಲಿ ಮಾಂಟ್‌ಗಮರಿ 170, ಐ-85ರಲ್ಲಿ ಅಟ್ಲಾಂಟಾ 160. ಒಟ್ಟು 1,400 ಮೈಲಿಗೆ ಹತ್ತಿರ. ಎಂಟು ದಿನ ಬೇಕು. ಐದು ದಿನದಲ್ಲೂ ಮುಗಿಸಬಹುದು, ಆದರೆ ಆಗ ನೀವು ನೋಡುವುದು ಹೆದ್ದಾರಿಯನ್ನೇ.

ಗಡಿಯಾರದ ಲೆಕ್ಕ ಮರೆಯಬೇಡಿ. ಚಾಟನೂಗಾ ಪೂರ್ವದ ಸಮಯದಲ್ಲಿದೆ, ನ್ಯಾಶ್‌ವಿಲ್ ಮಧ್ಯದ ಸಮಯದಲ್ಲಿ. ಪಶ್ಚಿಮಕ್ಕೆ ಹೋಗುವಾಗ ಒಂದು ಗಂಟೆ ಲಾಭ, ಮಾಂಟ್‌ಗಮರಿಯಿಂದ ಜಾರ್ಜಿಯಾದೊಳಗೆ ಬರುವಾಗ ಅದೇ ಒಂದು ಗಂಟೆ ನಷ್ಟ. ಐದು ಗಂಟೆಗೆ ಬಾಗಿಲು ಹಾಕುವ ಅಂಗಡಿಯನ್ನು ಕೊನೆಯ ದಿನಕ್ಕೆ ಇಟ್ಟುಕೊಂಡವರು ಅಲ್ಲಿ ತಲುಪುವ ಹೊತ್ತಿಗೆ ಆರಾಗಿರುತ್ತದೆ. ಸಣ್ಣ ಊರುಗಳಲ್ಲಿ ಭಾನುವಾರ ಮುಚ್ಚುವ ಅಂಗಡಿಗಳು ಬಹಳ, ಎಷ್ಟೋ ಕಡೆ ಸೋಮವಾರವೂ ರಜೆ. ಆದ್ದರಿಂದ ಮಂಗಳವಾರ ಹೊರಡುವುದು ಲೇಸು. ಹೊರಡುವ ಹಿಂದಿನ ದಿನ ಪ್ರತಿ ಅಂಗಡಿಗೂ ಫೋನ್ ಮಾಡಿ ಬಾಗಿಲು ತೆರೆದಿರುತ್ತದೆಯೇ ಎಂದು ಕೇಳಿ. ಹಳೆ ಪುಸ್ತಕದಂಗಡಿಗಳ ವೇಳೆ ಇಂಟರ್‌ನೆಟ್ಟಿನಲ್ಲಿ ತೋರಿಸಿದಂತೆಯೇ ಇರುತ್ತದೆ ಎಂದು ನಂಬಿ ಕೂರುವ ಹಾಗಿಲ್ಲ.

ಎಲ್ಲೆಲ್ಲಿ ಏನು

ಮೆಕೇಸ್ ಎಂಬ ಉಗ್ರಾಣದಂಥ ಹಳೆ ಪುಸ್ತಕದಂಗಡಿಗಳು ಚಾಟನೂಗಾದಲ್ಲೂ ನ್ಯಾಶ್‌ವಿಲ್‌ನಲ್ಲೂ ಇವೆ. ನಿಮ್ಮ ಪುಸ್ತಕ ಕೊಟ್ಟರೆ ಅವರು ನಗದು ಕೊಡುತ್ತಾರೆ, ಇಲ್ಲವೇ ಅಲ್ಲೇ ಪುಸ್ತಕ ಕೊಳ್ಳಲು ಬಳಸುವ ಅಂಗಡಿಯ ಜಮೆ ಕೊಡುತ್ತಾರೆ. ಜಮೆಯ ಮೊತ್ತ ಹೆಚ್ಚು. ಈ ಸುತ್ತಿನಲ್ಲಿ ಚಾಟನೂಗಾ ಮೊದಲ ನಿಲ್ದಾಣ, ಹಾಗಾಗಿ ಮನೆಯಲ್ಲಿ ಮತ್ತೆ ಓದದ ಪುಸ್ತಕಗಳದೊಂದು ಪೆಟ್ಟಿಗೆ ತುಂಬಿಕೊಂಡೇ ಹೊರಡಿ. ಕಪಾಟಿನಲ್ಲಿ ಒಂದೆರಡು ಅಡಿ ಬಿಡುವಾಗುತ್ತದೆ, ಅದೇ ಪೆಟ್ಟಿಗೆ ವಾಪಸು ಬರುವಾಗ ಬೇರೆ ಪುಸ್ತಕ ತುಂಬಿಕೊಂಡು ಬರುತ್ತದೆ.

ಮೆಂಫಿಸ್‌ನ ಬರ್ಕ್ಸ್ ಬುಕ್ ಸ್ಟೋರ್ 1875ರಿಂದ ನಡೆದುಬಂದಿದೆ, ಹೊಸದೂ ಹಳೆಯದೂ ಎರಡೂ ಸಿಗುತ್ತವೆ. ಆಕ್ಸ್‌ಫರ್ಡ್‌ನ ನ್ಯಾಯಾಲಯದ ಚೌಕದಲ್ಲಿರುವ ಸ್ಕ್ವೇರ್ ಬುಕ್ಸ್ 1979ರದು. ದಕ್ಷಿಣದ ಲೇಖಕರ ಹೊಸ ಪುಸ್ತಕಗಳಿಗೆ, ಸಹಿ ಹಾಕಿದ ಪ್ರತಿಗಳಿಗೆ ಅಲ್ಲಿಗೇ ಹೋಗಬೇಕು. ಅದೇ ಊರಿನಲ್ಲಿ ಕಾದಂಬರಿಕಾರ ವಿಲಿಯಂ ಫಾಕ್ನರ್ ಬಾಳಿದ ಮನೆ ರೋವನ್ ಓಕ್ ಇದೆ. ಜಾಕ್ಸನ್‌ನ ಲೆಮ್ಯೂರಿಯಾ 1975ರಿಂದ ಇದೆ, ಮೊದಲ ಮುದ್ರಣಗಳಿಗೆ ಹೆಸರಾದ ಅಂಗಡಿ. ನ್ಯೂ ಆರ್ಲಿಯನ್ಸ್‌ನಲ್ಲಿ ಸೇಂಟ್ ಲೂಯಿಸ್ ಚರ್ಚಿನ ಪಕ್ಕದ ಪೈರೇಟ್ಸ್ ಆಲಿ ಎಂಬ ಓಣಿಯಲ್ಲಿ ಫಾಕ್ನರ್ 1925ರಲ್ಲಿ ಇದ್ದ ಮನೆಯೇ ಈಗ ಪುಟ್ಟ ಪುಸ್ತಕದಂಗಡಿ. ಫ್ರೆಂಚ್ ಕ್ವಾರ್ಟರ್‌ನೊಳಗೆ ಕಾರು ತರಬೇಡಿ. ಹೊರಗಿನ ಲಾಟ್‌ನಲ್ಲಿ ನಿಲ್ಲಿಸಿ ನಡೆಯಿರಿ, ಸೀಟಿನ ಮೇಲೆ ಪೆಟ್ಟಿಗೆ ಕಾಣುವಂತೆ ಬಿಡಬೇಡಿ. ಮೊಬೀಲ್ ಮತ್ತು ಮಾಂಟ್‌ಗಮರಿ ನಡುವೆ ಐ-65ರಿಂದ ಒಳಗೆ ಹೋದರೆ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಬರೆದ ಹಾರ್ಪರ್ ಲೀಯವರ ಊರು ಮನ್ರೋವಿಲ್. ಹಳೆಯ ನ್ಯಾಯಾಲಯ ಈಗ ಮ್ಯೂಸಿಯಂ ಆಗಿದೆ. ಅರ್ಧ ದಿನ ಇದ್ದರೆ ಹೋಗಿ.

ನಿಜವಾದ ಬೇಟೆ ನಡೆಯುವುದು ಹೆಸರಾಂತ ಅಂಗಡಿಗಳ ಆಚೆ. ಊರೂರಿನ ಸಾರ್ವಜನಿಕ ಗ್ರಂಥಾಲಯಗಳ ಗೆಳೆಯರ ಬಳಗಗಳು ದಾನ ಬಂದ ಪುಸ್ತಕ ಮಾರುತ್ತವೆ. ಕೊನೆಯ ದಿನ ಒಂದು ಚೀಲಕ್ಕೆ ಇಷ್ಟು ಎಂದು ಬಾಚಿ ಕೊಡುವುದು ರೂಢಿ. ಮೊದಲ ದಿನ ಬೆಲೆ ಹೆಚ್ಚು, ಆಯ್ಕೆಯೂ ಹೆಚ್ಚು. ಮನೆಮಾಲು ಮಾರಾಟಗಳು, ಅಂದರೆ ಎಸ್ಟೇಟ್ ಸೇಲ್‌ಗಳು, ಗುರುವಾರ ಅಥವಾ ಶುಕ್ರವಾರ ಶುರುವಾಗುತ್ತವೆ. ಕೊನೆಯ ದಿನ ಸಾಮಾನ್ಯವಾಗಿ ಅರ್ಧ ಬೆಲೆ. ಬೆಳಗ್ಗೆ ಬೇಗ ಹೋಗಿ ಬಾಗಿಲಲ್ಲಿಟ್ಟ ಹಾಳೆಯಲ್ಲಿ ಹೆಸರು ಬರೆದರೆ ಆ ಕ್ರಮದಲ್ಲೇ ಒಳಗೆ ಬಿಡುತ್ತಾರೆ. ಹೋದವರೆಲ್ಲ ಪೀಠೋಪಕರಣ, ಬೆಳ್ಳಿ ಸಾಮಾನಿನ ಕಡೆ ನುಗ್ಗುತ್ತಾರೆ. ನೀವು ಅಡುಗೆಮನೆಯ ಮೇಲಿನ ಕಪಾಟು, ಮಲಗುವ ಕೋಣೆಯ ಪಕ್ಕದ ಮೇಜು ನೋಡಿ. ಓದುವವರು ಪುಸ್ತಕ ಇಟ್ಟುಕೊಳ್ಳುವುದು ಅಲ್ಲಿ. ಆ್ಯಂಟಿಕ್ ಮಾಲ್‌ಗಳಲ್ಲಿ ಒಂದೊಂದು ಗೂಡು ಒಬ್ಬೊಬ್ಬ ವ್ಯಾಪಾರಿಯದು. ಕೌಂಟರಿನವರಿಗೆ ಬೆಲೆ ಇಳಿಸುವ ಅಧಿಕಾರ ಇರುವುದಿಲ್ಲ. ಗೂಡಿನವರಿಗೆ ಒಂದು ಫೋನ್ ಮಾಡಿ ಕೇಳುತ್ತೀರಾ ಎಂದರೆ ಅವರೇ ಕೇಳಿ ಹೇಳುತ್ತಾರೆ, ಶೇ. 10 ಇಳಿಯುವುದುಂಟು.

ಈ ಸೀಮೆಯಲ್ಲೇ ಹುಡುಕಬೇಕಾದವು

ಎಲ್ಲೆಡೆ ಸಿಗುವ ಪುಸ್ತಕಕ್ಕೆ 1,400 ಮೈಲಿ ಓಡಿಸಬೇಕಿಲ್ಲ. ಇಲ್ಲಿ ಮೂರು ಬಗೆಯವನ್ನು ಮೊದಲು ಹುಡುಕಿ.

1935ರಲ್ಲಿ ಆರಂಭವಾದ ಫೆಡರಲ್ ರೈಟರ್ಸ್ ಪ್ರಾಜೆಕ್ಟ್ ಎಂಬ ಸರ್ಕಾರಿ ಬರಹಗಾರರ ಯೋಜನೆ ರಾಜ್ಯಕ್ಕೊಂದರಂತೆ ತಂದ ಮಾರ್ಗದರ್ಶಿಗಳು ಮೊದಲನೆಯವು. ಮಿಸಿಸಿಪ್ಪಿಯದು 1938, ಟೆನೆಸಿಯದು 1939, ಜಾರ್ಜಿಯಾದ್ದು 1940, ಅಲಬಾಮಾ ಮತ್ತು ಲೂಸಿಯಾನಾದವು 1941. ನ್ಯೂ ಆರ್ಲಿಯನ್ಸ್ ನಗರಕ್ಕೇ 1938ರಲ್ಲಿ ಒಂದು ಪ್ರತ್ಯೇಕ ಸಂಪುಟ ಬಂತು. ದಾರಿದಾರಿಯ ವಿವರ ಕೊಡುವ ಪುಸ್ತಕಗಳಿವು, ಇಂದಿನ ನಿಮ್ಮ ಪ್ರಯಾಣದಲ್ಲೇ ಓದಿಕೊಂಡು ಹೋಗಬಹುದು.

ಎರಡನೆಯವು ಊರಿನ ಹೆಣ್ಣುಮಕ್ಕಳ ಸಂಘಗಳು, ಚರ್ಚುಗಳು ಹಣ ಕೂಡಿಸಲು ಅಚ್ಚು ಹಾಕಿಸಿದ ಅಡುಗೆ ಪುಸ್ತಕಗಳು. ಚಾರ್ಲ್ಸ್‌ಟನ್‌ನ ಜೂನಿಯರ್ ಲೀಗ್ 1950ರಲ್ಲಿ ತಂದ 'ಚಾರ್ಲ್ಸ್‌ಟನ್ ರಿಸೀಟ್ಸ್', ಬ್ಯಾಟನ್ ರೂಜ್‌ನವರು 1959ರಲ್ಲಿ ತಂದ 'ರಿವರ್ ರೋಡ್ ರೆಸಿಪೀಸ್' ಮತ್ತೆ ಮತ್ತೆ ಅಚ್ಚಾಗಿವೆ, ಹಾಗಾಗಿ ಯಾವ ಮುದ್ರಣ ಎಂದು ಕಾಪಿರೈಟ್ ಪುಟ ನೋಡದೆ ದುಡ್ಡು ಕೊಡಬೇಡಿ. ಇಂಥ ಪುಸ್ತಕಗಳಿಗೆ ಹೆಚ್ಚಾಗಿ ಪ್ಲಾಸ್ಟಿಕ್ ಬಾಚಣಿಗೆಯಂಥ ಕಟ್ಟು ಇರುತ್ತದೆ. ಹಳತಾದಂತೆ ಅದರ ಹಲ್ಲು ಪೆಡಸಾಗಿ ಮುರಿಯುತ್ತದೆ, ರಂಧ್ರದ ಪಕ್ಕ ಪುಟ ಹರಿಯುತ್ತದೆ. ಎಣ್ಣೆಕಲೆ ಪರವಾಗಿಲ್ಲ. ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ 'ಸಕ್ಕರೆ ಅರ್ಧ ಸಾಕು' ಎಂದು ಬರೆದಿದ್ದರೆ ಅಂಥ ಪ್ರತಿಯನ್ನೇ ಆರಿಸಿಕೊಳ್ಳಿ. ಅದು ನಿಜವಾಗಿ ಒಲೆಯ ಪಕ್ಕ ಬಾಳಿದ ಪುಸ್ತಕ.

ಮೂರನೆಯವು ವಿಶ್ವವಿದ್ಯಾಲಯ ಪ್ರೆಸ್‌ಗಳ ಸ್ಥಳೀಯ ಇತಿಹಾಸ, ಜಾನಪದ, ಗಿಡಮರಗಳ ಪುಸ್ತಕಗಳು. ನಾರ್ತ್ ಕ್ಯಾರೊಲೈನಾ ಪ್ರೆಸ್ 1922ರದು, ಲೂಸಿಯಾನಾ ಸ್ಟೇಟ್ ಪ್ರೆಸ್ 1935ರದು, ಜಾರ್ಜಿಯಾ ಪ್ರೆಸ್ 1938ರದು. ಕಡಿಮೆ ಪ್ರತಿ ಅಚ್ಚು ಹಾಕುತ್ತಿದ್ದರು, ಬಹಳ ಸಲ ಮರುಮುದ್ರಣವೂ ಇಲ್ಲ.

ಬೇಕಾದವುಗಳ ಪಟ್ಟಿಯನ್ನು ಕಾಗದದಲ್ಲೇ ಒಯ್ಯಿರಿ, ಈಗಾಗಲೇ ಮನೆಯಲ್ಲಿರುವವುಗಳ ಪಟ್ಟಿ ಫೋನಿನಲ್ಲಿರಲಿ. ಸ್ಕ್ಯಾನ್ ಮಾಡುವ ಆ್ಯಪ್ ನಂಬಿ ಹೋಗಬೇಡಿ. ಐಎಸ್‌ಬಿಎನ್ ಬಳಕೆಗೆ ಬಂದದ್ದು 1970ರ ಸುಮಾರಿಗೆ, ಹಿಂಬದಿಯ ಗೆರೆಸಂಕೇತ ಬಂದದ್ದು ಇನ್ನೂ ತಡವಾಗಿ. ನಿಮಗೆ ಬೇಕಾದ ಮುಕ್ಕಾಲು ಪಾಲು ಪುಸ್ತಕಗಳಲ್ಲಿ ಎರಡೂ ಇರುವುದಿಲ್ಲ. ಅಂಗಡಿಯೊಳಗೆ ಸಾಲುಸಾಲಾಗಿ ಸ್ಕ್ಯಾನ್ ಮಾಡುತ್ತ ಹೋಗುವವರನ್ನು ಕಂಡರೆ ಅಂಗಡಿಯವರ ಮುಖ ಗಂಟಿಕ್ಕುವುದೂ ನಿಜ.

ಪುಸ್ತಕ ಕೈಗೆ ಬಂದಾಗ

ಅಲಬಾಮಾದ 1941ರ ಆ ಮಾರ್ಗದರ್ಶಿ ನಿಮ್ಮ ಕಣ್ಣಿಗೆ ಬಿತ್ತು ಅನ್ನಿ. ಬೆನ್ನಿನ ತಲೆಗೆ ಬೆರಳು ಸಿಕ್ಕಿಸಿ ಎಳೆಯಬೇಡಿ, ಬಟ್ಟೆ ಹರಿಯುವುದು ಅಲ್ಲೇ. ಅಕ್ಕಪಕ್ಕದ ಎರಡು ಪುಸ್ತಕಗಳನ್ನು ತುಸು ಒಳಗೆ ತಳ್ಳಿ, ನಡುವಿನದರ ಬೆನ್ನನ್ನು ಮಧ್ಯದಲ್ಲಿ ಹಿಡಿದು ಹೊರತೆಗೆಯಿರಿ. ಮೊದಲು ಮೂಗು. ಮಧ್ಯದಲ್ಲಿ ತೆರೆದು ಬೆನ್ನಿನ ಒಳಮಡಿಕೆಯ ಹತ್ತಿರ ವಾಸನೆ ನೋಡಿ. ಒಣ ಕಾಗದದ, ಹಳೆ ಮರದಂಥ ವಾಸನೆ ಇದ್ದರೆ ಸರಿ. ನೆಲಮಾಳಿಗೆಯ ಮಣ್ಣಿನಂಥ ಮುಗ್ಗಲು ವಾಸನೆ ಗಪ್ಪೆಂದು ಬಂದರೆ ಅದು ಬೂಷ್ಟು, ಇನ್ನೂ ಜೀವಂತ ಇದ್ದರೂ ಇರಬಹುದು. ಅಂಗಡಿಯೆಲ್ಲ ಅದೇ ವಾಸನೆ ಇದ್ದರೆ ಮೂಗು ಬೇಗ ಸೋಲುತ್ತದೆ. ಪುಸ್ತಕ ಹಿಡಿದು ಬಾಗಿಲ ಬಳಿ ಬಂದು ಮತ್ತೊಮ್ಮೆ ನೋಡಿ.

ಆಮೇಲೆ ಸಣ್ಣ ಟಾರ್ಚನ್ನು ಪುಟಕ್ಕೆ ಓರೆಯಾಗಿ ಹಿಡಿಯಿರಿ. ಚದುರಿದ ಕಂದು ಚುಕ್ಕೆಗಳು ಚಪ್ಪಟೆಯಾಗಿ ಕಾಗದದೊಳಗೇ ಇದ್ದರೆ ಅದು ಹಳತನದ ಕಲೆ, ಹರಡುವುದಿಲ್ಲ. ಬಿಳಿ, ಬೂದು, ಹಸಿರು ಬಣ್ಣದ ನಯವಾದ ರೋಮ ಮೇಲೆದ್ದು ಕಂಡರೆ ಅಲ್ಲೇ ಇಟ್ಟುಬಿಡಿ. ಕೆಳಗಿನ ಅಂಚಿಗೆ ಸಮಾನಾಂತರವಾಗಿ ಕಂದು ಅಲೆಯ ಗೆರೆ ಇದ್ದರೆ ನೀರು ಕುಡಿದ ಪುಸ್ತಕ. ಮೆಕ್ಸಿಕೊ ಕೊಲ್ಲಿಯ ಕರಾವಳಿಯ ಊರುಗಳಲ್ಲಿ ಇದನ್ನು ತಪ್ಪದೆ ನೋಡಿ. ರಟ್ಟಿನ ಬಟ್ಟೆಯ ಮೇಲೆ ಗೀಚಿ ನೆಕ್ಕಿದಂಥ ಸವೆತ ಸಿಲ್ವರ್‌ಫಿಶ್ ಅಥವಾ ಜಿರಳೆಯದು. ಸೂಜಿಮೊನೆಯಂಥ ದುಂಡು ತೂತುಗಳಿದ್ದರೆ ಬಿಳಿ ಹಾಳೆಯ ಮೇಲೆ ಪುಸ್ತಕವನ್ನು ಮೆಲ್ಲಗೆ ತಟ್ಟಿ. ಹಿಟ್ಟಿನಂಥ ಪುಡಿ ಉದುರಿದರೆ ಹುಳ ಇನ್ನೂ ಒಳಗಿರಬಹುದು.

ಈಗ ಹಿಂದಿನ ರಟ್ಟು ತೆರೆಯಿರಿ. ಈ ಮಾಲೆಯ ಪುಸ್ತಕಗಳಲ್ಲಿ ನಕ್ಷೆ ಹಿಂಬದಿಯ ಲಕೋಟೆಯಲ್ಲಿ ಇರುವುದು ಸಾಮಾನ್ಯ, ಕಳೆದುಹೋಗಿರುವುದೂ ಅಷ್ಟೇ ಸಾಮಾನ್ಯ. ಲಕೋಟೆ ಖಾಲಿ ಇದ್ದರೆ ಬೆಲೆ ಮಾತಾಡಲು ಅದೇ ಆಧಾರ. ನಂತರ ಚಿತ್ರಗಳ ಪಟ್ಟಿ ತೆರೆದು ಒಂದೊಂದೂ ಇದೆಯೇ ಎಂದು ಎಣಿಸಿ. ಚೌಕಟ್ಟು ಹಾಕಿ ಮಾರಲು ಚಿತ್ರ ಕತ್ತರಿಸಿಕೊಂಡವರು ಬಹಳ ಇದ್ದಾರೆ. ಕೊನೆಗೆ ರಟ್ಟು ಮತ್ತು ಪುಟಗಳ ಕಟ್ಟು ಸೇರುವ ಸಂದಿನಲ್ಲಿ ಜಾಲರಿ ಬಟ್ಟೆ ಕಾಣುತ್ತಿದೆಯೇ ನೋಡಿ. ಕಾಣುತ್ತಿದ್ದರೆ ಕೀಲು ಸಡಿಲ. ಓದಲು ಪರವಾಗಿಲ್ಲ, ಸಂಗ್ರಹಕ್ಕೆ ಬೆಲೆ ಇಳಿಯಬೇಕು.

ಇಷ್ಟಕ್ಕೂ ಎರಡು ನಿಮಿಷ ಸಾಕು. ಹತ್ತು ಪುಸ್ತಕ ಆದಮೇಲೆ ಕೈಗೆ ರೂಢಿಯಾಗುತ್ತದೆ.

ಮೊದಲ ಮುದ್ರಣ ಹುಡುಕುವವರಿಗೆ ಕಾಪಿರೈಟ್ ಪುಟವೇ ಸಾಕ್ಷಿ. ಅಂಕಿಗಳ ಸಾಲಿದ್ದರೆ ಅದರಲ್ಲಿ ಉಳಿದಿರುವ ಅತಿ ಸಣ್ಣ ಅಂಕಿಯೇ ಎಷ್ಟನೆಯ ಮುದ್ರಣ ಎಂದು ಹೇಳುತ್ತದೆ. ರ‍್ಯಾಂಡಮ್ ಹೌಸ್ ಮಾತ್ರ ಹಲವು ವರ್ಷ ಬೇರೆ ದಾರಿ ಹಿಡಿದಿತ್ತು. ಮೊದಲ ಆವೃತ್ತಿ ಎಂಬ ಪದಗಳ ಜೊತೆಗೆ ಸಾಲು 2ಕ್ಕೇ ನಿಂತಿದ್ದರೆ ಅದೇ ಮೊದಲ ಮುದ್ರಣ. ಸ್ಕ್ರಿಬ್ನರ್ಸ್‌ನವರು 1930ರಿಂದ ಮುಂದೆ ದಶಕಗಳ ಕಾಲ ಮೊದಲ ಮುದ್ರಣಕ್ಕೆ 'ಎ' ಅಕ್ಷರ ಹಾಕುತ್ತಿದ್ದರು. ದಕ್ಷಿಣದಲ್ಲಿ ಮನೆಮನೆಯಲ್ಲೂ ಸಿಗುವ 'ಗಾನ್ ವಿತ್ ದ ವಿಂಡ್' ನಿಜವಾದ ಮೊದಲ ಮುದ್ರಣವಾದರೆ 1936ರ ಮೇ ತಿಂಗಳ ಪ್ರಕಟಣೆ ಎಂದಷ್ಟೇ ಇರುತ್ತದೆ, ಮುಂದಿನ ಮುದ್ರಣಗಳ ಉಲ್ಲೇಖ ಇರುವುದಿಲ್ಲ. 1936 ಎಂಬ ವರ್ಷ ಕಂಡಿದ್ದೇ ಮೊದಲನೆಯದು ಎಂದು ಕೊಂಡವರು ಎಷ್ಟೋ ಮಂದಿ. ಆ ವರ್ಷವೇ ಅದು ಹಲವು ಬಾರಿ ಮುದ್ರಣವಾಗಿತ್ತು.

ಸದಸ್ಯರಿಗೆಂದು ಅಗ್ಗವಾಗಿ ಅಚ್ಚು ಹಾಕಿದ ಬುಕ್ ಕ್ಲಬ್ ಪ್ರತಿಗಳು ಎಲ್ಲರನ್ನೂ ಒಮ್ಮೆಯಾದರೂ ಮೋಸಪಡಿಸುತ್ತವೆ. ರಟ್ಟಿಗೆ ಹೊದಿಸಿದ ಕಾಗದದ ಜಾಕೆಟ್ಟಿನ ಒಳಮಡಿಕೆಯಲ್ಲಿ ಬೆಲೆ ಇಲ್ಲದಿರುವುದು, ಪುಸ್ತಕ ಕೈಗೆ ಹಗುರವಾಗಿರುವುದು, ಹಿಂಬದಿಯ ರಟ್ಟಿನ ಕೆಳಮೂಲೆಯಲ್ಲಿ ಬೆರಳಿಗೆ ತಾಗುವ ಸಣ್ಣ ಗುಳಿ, ಇವು ಗುರುತು. ಜಾಕೆಟ್ ಬಿಚ್ಚಿ ನೋಡದೆ ಗುಳಿ ಕಾಣುವುದಿಲ್ಲ. ಒಳಮಡಿಕೆಯ ಮೇಲಿನ ಮೂಲೆ ಕತ್ತರಿಸಿದ್ದರೆ ಉಡುಗೊರೆ ಕೊಡುವಾಗ ಬೆಲೆ ತೆಗೆದದ್ದು. ಕೆಳಮೂಲೆ ಕತ್ತರಿಸಿದ್ದರೆ ಅನುಮಾನಿಸಿ, ಬುಕ್ ಕ್ಲಬ್ ಎಂಬ ಪದ ಅಚ್ಚಾಗುತ್ತಿದ್ದದ್ದು ಅಲ್ಲೇ. ಓದಲು ಮಾತ್ರ ಬೇಕಿದ್ದರೆ ಬುಕ್ ಕ್ಲಬ್ ಪ್ರತಿಯೇ ಒಳ್ಳೆಯದು, ಬಹಳ ಕಡಿಮೆಗೆ ಸಿಗುತ್ತದೆ. ಇನ್ನು ವ್ಯಾಪಾರಿಗಳ ಭಾಷೆಯಲ್ಲಿ 'ಗುಡ್' ಎಂದರೆ ಚೆನ್ನಾಗಿದೆ ಎಂದಲ್ಲ, ಸವೆದಿದೆ ಆದರೆ ಪುಟವೆಲ್ಲ ಇದೆ ಎಂದು. ಚೆನ್ನಾಗಿರುವುದಕ್ಕೆ 'ವೆರಿ ಗುಡ್', ಹೊಸದರಂತಿದ್ದರೆ 'ಫೈನ್'.

ದಕ್ಷಿಣದ ಅಂಗಡಿಗಳಲ್ಲಿ ಒಳಗೆ ಕಾಲಿಟ್ಟೊಡನೆ ನಮಸ್ಕಾರದ ಮಾತು, ಎಲ್ಲಿಂದ ಬಂದಿರಿ ಎಂಬ ವಿಚಾರಣೆ ಆಗಬೇಕು. ಹಿರಿಯರನ್ನು ಮ್ಯಾಮ್, ಸರ್ ಎಂದೇ ಮಾತಾಡಿಸಿ. ಆ ಐದು ನಿಮಿಷ ಕಳೆದಮೇಲೆ ಸ್ಥಳೀಯ ಪುಸ್ತಕಗಳ ವಿಭಾಗ ಎಲ್ಲಿ, ಇನ್ನೂ ಬೆಲೆ ಹಾಕದ್ದು ಹಿಂದಿನ ಕೋಣೆಯಲ್ಲಿ ಏನಾದರೂ ಇದೆಯೇ ಎಂದು ಕೇಳಿದರೆ ಬಾಗಿಲು ತೆರೆಯುತ್ತದೆ. ಒಂದೇ ಪುಸ್ತಕಕ್ಕೆ ಚೌಕಾಸಿ ಮಾಡಬೇಡಿ. ಐದಾರು ಕೂಡಿಸಿ ಮೇಜಿನ ಮೇಲಿಟ್ಟು, ಎಲ್ಲ ಸೇರಿ ಎಷ್ಟಾದರೆ ಸರಿಹೋಗುತ್ತದೆ ಎಂದು ಕೇಳಿ. ಬೆಲೆಯ ಮೇಲೆ ಮಾರಾಟ ತೆರಿಗೆ ಬೇರೆ. ಟೆನೆಸಿಯಲ್ಲಿ ರಾಜ್ಯದ ಶೇ. 7ರ ಮೇಲೆ ಸ್ಥಳೀಯ ತೆರಿಗೆ ಸೇರಿ ಶೇ. 9.75ರವರೆಗೆ ಹೋಗುತ್ತದೆ.

ಕಾರಿನಲ್ಲಿ, ರೂಮಿನಲ್ಲಿ

ಚಾಲಕರ ಬಾಗಿಲ ಚೌಕಟ್ಟಿನಲ್ಲಿ ಒಂದು ಚೀಟಿ ಅಂಟಿಸಿರುತ್ತದೆ. ಜನ ಮತ್ತು ಸಾಮಾನು ಸೇರಿ ಎಷ್ಟು ಪೌಂಡ್ ಮೀರಬಾರದು ಎಂದು ಅದರಲ್ಲಿ ಬರೆದಿದೆ. ಸೆಡಾನ್‌ಗಳಲ್ಲಿ ಅದು 850 ಪೌಂಡ್ ಆಸುಪಾಸು. ನಾಲ್ವರು ದೊಡ್ಡವರು ಕೂತು, ಬಟ್ಟೆ ಪೆಟ್ಟಿಗೆ ಇಟ್ಟಮೇಲೆ ಪುಸ್ತಕಕ್ಕೆ ಉಳಿಯುವುದು ನೂರು ಪೌಂಡ್ ಚಿಲ್ಲರೆ. ಟೈರಿನ ಗಾಳಿಯನ್ನು ಬೆಳಗ್ಗೆ ತಣ್ಣಗಿರುವಾಗಲೇ ನೋಡಿ.

ಪೆಟ್ಟಿಗೆಯಲ್ಲಿ ಪುಸ್ತಕವನ್ನು ಮಲಗಿಸಿ, ಇಲ್ಲವೇ ಬೆನ್ನು ಕೆಳಗೆ ಮಾಡಿ ಇಡಿ. ಪುಟ ತೆರೆಯುವ ಅಂಚು ಕೆಳಗಾದರೆ ಪುಟಗಳ ಭಾರಕ್ಕೆ ಕಟ್ಟು ರಟ್ಟಿನಿಂದ ಕಿತ್ತುಬರುತ್ತದೆ. ಸಂದಿಗೆ ಬಿಳಿ ಕಾಗದ ತುರುಕಿ, ಪತ್ರಿಕೆ ಬೇಡ, ಮಸಿ ಹತ್ತುತ್ತದೆ. ಪೆಟ್ಟಿಗೆಯ ಒಳಗೆ ಮೊದಲು ದಪ್ಪ ಪ್ಲಾಸ್ಟಿಕ್ ಚೀಲ ಹಾಸಿ.

ರಾತ್ರಿ ಬೆಲೆಬಾಳುವವನ್ನು ರೂಮಿಗೆ ಒಯ್ಯಿರಿ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬದಲ್ಲಿ. ಹಾಸಿಗೆ, ಕಾರ್ಪೆಟ್ ಮೇಲೆ ಇಡಬೇಡಿ, ತಿಗಣೆ ಹತ್ತುವುದು ಅಲ್ಲಿಂದ. ಒಣಗಿದ ಸ್ನಾನದ ತೊಟ್ಟಿ ಸುರಕ್ಷಿತ ಜಾಗ. ಬೆಳಗ್ಗೆ ಎಸಿಯ ತಂಪಿನಿಂದ ಹೊರಗಿನ ಸೆಖೆಗೆ ತಂದಕೂಡಲೇ ಮುಚ್ಚಳ ತೆಗೆದರೆ ತಣ್ಣಗಿನ ರಟ್ಟಿನ ಮೇಲೆ ನೀರು ಬೆವರುತ್ತದೆ. ಒಂದು ಗಂಟೆ ಮುಚ್ಚಿಯೇ ಇರಲಿ.

ಜಾಗ ತುಂಬಿದರೆ ದಾರಿಯ ಯಾವುದಾದರೂ ಅಂಚೆಕಚೇರಿಯಿಂದ ಮೀಡಿಯಾ ಮೇಲ್‌ನಲ್ಲಿ ಮನೆಗೆ ಕಳಿಸಿ. ಪುಸ್ತಕಕ್ಕೆಂದೇ ಇರುವ ಅಗ್ಗದ ದರ, ಒಂದು ಪೆಟ್ಟಿಗೆ 70 ಪೌಂಡ್‌ವರೆಗೆ ಇರಬಹುದು. ಒಳಗೆ ಪುಸ್ತಕ ಬಿಟ್ಟು ಬೇರೆ ಸಾಮಾನು ಇಡುವಂತಿಲ್ಲ. ಅಂಚೆಯವರು ತೆರೆದು ನೋಡಬಹುದು, ಸಿಕ್ಕರೆ ಹೆಚ್ಚಿನ ದರ ಹಾಕುತ್ತಾರೆ. 40 ಪೌಂಡ್ ದಾಟಿಸಬೇಡಿ, ಅದಕ್ಕಿಂತ ಭಾರವಾದರೆ ಪೆಟ್ಟಿಗೆಯ ಮೂಲೆ ಒಡೆಯುತ್ತದೆ.

ಮನೆಗೆ ಬಂದಮೇಲೆ

ಬಂದ ದಿನವೇ ಕಪಾಟಿಗೆ ಸೇರಿಸುವ ಆಸೆಯನ್ನು ತಡೆದುಕೊಳ್ಳಿ. ಎರಡು ಮೂರು ವಾರ ಪುಸ್ತಕಗಳು ಮುಚ್ಚಳದ ಡಬ್ಬದಲ್ಲೇ ಬೇರೆ ಕೋಣೆಯಲ್ಲಿರಲಿ. ಒಳಗೆ ಒಂದು ಅಂಟು ಬಲೆ ಇಡಿ. ಗ್ಯಾರೇಜು ಬೇಡ, ಅಲ್ಲಿ ತೇವ ಹೆಚ್ಚು. ಬಲೆಯಲ್ಲಿ ಹುಳ ಸಿಕ್ಕರೆ ಆ ಡಬ್ಬದ ಪುಸ್ತಕಗಳೆಲ್ಲ ಫ್ರೀಜರಿಗೆ ಹೋಗಬೇಕು. ಒಂದೊಂದನ್ನೂ ಜಿಪ್ ಚೀಲಕ್ಕೆ ಹಾಕಿ ಗಾಳಿ ಹಿಂಡಿ ತೆಗೆದು ಮುಚ್ಚಿ. ಮನೆಯ ಫ್ರೀಜರ್ 0 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ, ಅಂದರೆ ಮೈನಸ್ 18 ಸೆಲ್ಸಿಯಸ್‌ನಲ್ಲಿ ನಿಂತಿದೆಯೇ ಎಂದು ಥರ್ಮಾಮೀಟರ್ ಇಟ್ಟು ನೋಡಿ. ತಿಗಣೆಗೆ ಅಷ್ಟು ಚಳಿಯಲ್ಲಿ ನಾಲ್ಕು ದಿನ ಸಾಕಾದರೂ ಪುಸ್ತಕದ ಹುಳ, ಮೊಟ್ಟೆಗಳಿಗೆ ಎರಡು ವಾರ ಬಿಡುವುದು ನಿಶ್ಚಿಂತೆ. ಹೊರತೆಗೆದಮೇಲೆ 24 ಗಂಟೆ ಚೀಲ ಬಿಚ್ಚಬೇಡಿ. ಬೆವರೆಲ್ಲ ಚೀಲದ ಹೊರಗೇ ನಿಲ್ಲಲಿ. ಚರ್ಮದ ರಟ್ಟಿನ ಪುಸ್ತಕಗಳನ್ನು ಹೀಗೆ ಮಾಡಬೇಡಿ. ಫ್ರೀಜರ್ ಬೂಷ್ಟನ್ನು ಕೊಲ್ಲುವುದಿಲ್ಲ, ನಿದ್ದೆ ಮಾಡಿಸುತ್ತದೆ ಅಷ್ಟೆ.

ಬೂಷ್ಟಿನ ಒಣ ಪುಡಿ ಅಲ್ಲಲ್ಲಿ ಉಳಿದಿದ್ದರೆ ಒಣ ಹವೆಯ ದಿನ ಹೊರಗೆ ಕೂತು, ಎನ್95 ಮಾಸ್ಕ್, ಕೈಗವಸು ಹಾಕಿಕೊಂಡು ಮೆತ್ತನೆಯ ಬ್ರಷ್‌ನಿಂದ ಒಳಮಡಿಕೆಯಿಂದ ಹೊರಕ್ಕೆ ಗುಡಿಸಿ. ಒದ್ದೆ ಬಟ್ಟೆ, ಬ್ಲೀಚ್ ಬೇಡ.

ವಾಸನೆ ಮಾತ್ರ ಇದ್ದರೆ ದೊಡ್ಡ ಡಬ್ಬದಲ್ಲಿ ಒಂದು ಬಟ್ಟಲು ಸಕ್ರಿಯ ಇದ್ದಿಲು ಇಟ್ಟು, ಮೇಲೆ ತಂತಿ ತಟ್ಟೆಯಲ್ಲಿ ಪುಸ್ತಕವನ್ನು ಬೀಸಣಿಗೆಯಂತೆ ಬಿಡಿಸಿ ನಿಲ್ಲಿಸಿ ಮುಚ್ಚಿ. ಅಕ್ವೇರಿಯಂ ಸಾಮಾನಿನ ಅಂಗಡಿಯಲ್ಲಿ ಈ ಇದ್ದಿಲು ಸಿಗುತ್ತದೆ. ಒಂದು ವಾರಕ್ಕೆ ಅರ್ಧ ಇಳಿಯುತ್ತದೆ, ಇದ್ದಿಲು ಬದಲಿಸಿ ಇನ್ನೊಂದು ವಾರ ಇಡಿ. ಅಡುಗೆ ಸೋಡಾವನ್ನು ಪುಟಗಳ ಮೇಲೆಯೇ ಉದುರಿಸಿ ಎಂದು ಹೇಳುವವರ ಮಾತು ಕೇಳಬೇಡಿ, ಒಳಮಡಿಕೆಯಲ್ಲಿ ಸೇರಿದ ಪುಡಿ ವರ್ಷಗಟ್ಟಲೆ ಬರುತ್ತಲೇ ಇರುತ್ತದೆ.

ಬೆಲೆಚೀಟಿ ಕೀಳಲು ಹೇರ್ ಡ್ರೈಯರನ್ನು ಕಡಿಮೆ ಶಾಖದಲ್ಲಿ 20-30 ಸೆಕೆಂಡ್ ಹಿಡಿದು ಒಂದು ಮೂಲೆಯಿಂದ ನಿಧಾನವಾಗಿ ಎತ್ತಿ. ಉಳಿದ ಅಂಟನ್ನು ಬೆರಳ ತುದಿಯಿಂದ ಉಂಡೆಕಟ್ಟಿ ತೆಗೆಯಿರಿ. ಹರಿದ ಜಾಕೆಟ್ಟಿಗೆ ಸೆಲ್ಲೋ ಟೇಪ್ ಹಾಕಬೇಡಿ. ಹಳದಿಯಾಗಿ, ಅಂಟು ಕಾಗದಕ್ಕೆ ಇಳಿದು, ಆಮೇಲೆ ಯಾರಿಂದಲೂ ಸರಿಮಾಡಲಾಗುವುದಿಲ್ಲ. ಜಾಕೆಟ್ಟಿನ ಎತ್ತರ ಅಳೆದು ಪಾಲಿಯೆಸ್ಟರ್ ಹೊದಿಕೆ ತಂದು ಹಾಕಿ. ಹರಿದದ್ದೂ ಅದರೊಳಗೆ ನೆಟ್ಟಗೆ ನಿಲ್ಲುತ್ತದೆ.

ಈಗ ಕಪಾಟು. ದೊಡ್ಡ ಗಾತ್ರದ ಭಾರದ ಪುಸ್ತಕಗಳಾದರೆ ಒಂದು ಅಡಿ 20ರಿಂದ 25 ಪೌಂಡ್ ತೂಗುವುದುಂಟು. ಮುಕ್ಕಾಲು ಇಂಚಿನ ಪಾರ್ಟಿಕಲ್ ಬೋರ್ಡ್ ಹಲಗೆ 28 ಇಂಚಿಗಿಂತ ಉದ್ದವಿದ್ದರೆ ವರ್ಷದೊಳಗೆ ನಡು ಬಾಗುತ್ತದೆ. ಬಾಗಿದ್ದರೆ ತಿರುವಿ ಹಾಕಿ, ಮುಂದಿನ ಅಂಚಿಗೆ ಒಂದೂವರೆ ಇಂಚಿನ ಗಟ್ಟಿ ಮರದ ಪಟ್ಟಿ ಜೋಡಿಸಿ. ಗೋಡೆಯೊಳಗಿನ ಮರದ ಕಂಬಗಳು ಸಾಮಾನ್ಯವಾಗಿ 16 ಇಂಚಿಗೊಂದು ಇರುತ್ತವೆ, ಕಪಾಟನ್ನು ಅದಕ್ಕೇ ಬಿಗಿಯಿರಿ. ಮಕ್ಕಳಿರುವ ಮನೆಯಲ್ಲಿ ಇದನ್ನು ನಾಳೆಗೆ ಬಿಡಬೇಡಿ. ಹೊರಗೋಡೆಗೆ ಒರಗಿಸುವುದಾದರೆ ಹಿಂದೆ ಒಂದೆರಡು ಇಂಚು ಗಾಳಿಯಾಡಲು ಬಿಡಿ. ಸ್ನಾನದ ಮನೆಯ ಗೋಡೆ, ಬಿಸಿಗಾಳಿಯ ಕಿಂಡಿಯ ಎದುರು, ಬಿಸಿಲು ನೇರ ಬೀಳುವ ಜಾಗ ಮೂರೂ ಬೇಡ. ಬಿಸಿಲಿಗೆ ಬೇಗ ಮಾಸುವುದು ಕೆಂಪು ಬೆನ್ನು. ಮಕ್ಕಳ ಕೈಗೆ ಸಿಗುವ ಕೆಳಸಾಲಿಗೆ ಗಟ್ಟಿಮುಟ್ಟಾದ ಓದುವ ಪ್ರತಿಗಳು, ಅಡುಗೆಮನೆಗೆ ಒಂದೆರಡು ಅಡುಗೆ ಪುಸ್ತಕ, ಆದರೆ ಒಲೆಯಿಂದ ದೂರ.

ಕಪಾಟಿನಲ್ಲಿ ಒಂದು ಸಣ್ಣ ತೇವಮಾಪಕ ಇಡಿ. ಶೇ. 45ರಿಂದ 50 ತೋರಿಸುತ್ತಿದ್ದರೆ ನೆಮ್ಮದಿ. 65 ದಾಟಿದರೆ ಬೂಷ್ಟು ಚಿಗುರುತ್ತದೆ, ಡಿಹ್ಯೂಮಿಡಿಫೈಯರ್ ಹಾಕಲೇಬೇಕು. ಪ್ರತಿ ಸಾಲಿನಲ್ಲೂ ಕೈ ತೂರುವಷ್ಟು ಜಾಗ ಬಿಟ್ಟು ಜೋಡಿಸಿ. ಎಲ್ಲಿ ಸಿಕ್ಕಿತು, ಯಾವತ್ತು, ಎಷ್ಟು ಕೊಟ್ಟಿರಿ ಎಂಬುದನ್ನು ಹಿಂಬದಿಯ ಖಾಲಿ ಹಾಳೆಯ ಮೇಲ್ಮೂಲೆಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ, ಒತ್ತದೆ ಬರೆಯಿರಿ. ಒಂದು ತಿಂಗಳಾದಮೇಲೆ ಹೊಸದಾಗಿ ಸೇರಿದ ಸಾಲಿನಿಂದ ನಾಲ್ಕು ಪುಸ್ತಕ ಹೊರತೆಗೆದು ಮಧ್ಯದಲ್ಲಿ ತೆರೆದು ಮತ್ತೊಮ್ಮೆ ಮೂಗಿಗೆ ಹಿಡಿಯಿರಿ.